90 ಯೂನಿಟ್‌ಗಳ ಲೆಕ್ಕ: ಡಿ ಆಂಜಾದಿಂದ ಸ್ಯಾನ್ ಹೊಸೆ ಸ್ಟೇಟ್‌ವರೆಗೆ

2017ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿರುವ ಡಿ ಆಂಜಾ ಎಂಬ ಕಮ್ಯುನಿಟಿ ಕಾಲೇಜಿನ ಕೌನ್ಸೆಲಿಂಗ್ ಆಫೀಸಿಗೆ ಮೊದಲ ಸಲ ಹೋದಾಗ ಊರಿಂದ ತಂದಿದ್ದ ಪ್ಲಾಸ್ಟಿಕ್ ಫೈಲನ್ನೂ ಒಯ್ದಿದ್ದೆ. ಅದರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳು, ಜೊತೆಗೆ ಬಿಕಾಂ ಮೂರು ಸೆಮಿಸ್ಟರಿನವು. ಅಮ್ಮನ ಆರೋಗ್ಯ ಕೆಟ್ಟಾಗ ನಾಲ್ಕನೇ ಸೆಮಿಸ್ಟರಿನಲ್ಲಿ ಬಿಟ್ಟ ಓದು ಅದು. ಆಮೇಲೆ ಮದುವೆ, ಆಮೇಲೆ ಅಮೆರಿಕದಲ್ಲಿ ಕೆಲಸದ ವೀಸಾ ಇರುವವರ ಹೆಂಡತಿಗೆ ಸಿಗುವ ಎಚ್-4 ವೀಸಾ. ಒಂದೂವರೆ ವರ್ಷ ಓದಿದ್ದು ಇಲ್ಲಿಯೂ ಒಂದೂವರೆ ವರ್ಷವಾಗಿಯೇ ನಿಲ್ಲುತ್ತದೆ, ಇನ್ನೆರಡೂವರೆ ವರ್ಷ ಓದಿದರೆ ಡಿಗ್ರಿ ಸಿಗುತ್ತದೆ ಎಂದು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆ.

ಕೌನ್ಸೆಲರ್ ಫೈಲನ್ನು ಸಮಾಧಾನವಾಗಿ ನೋಡಿ ಮುಚ್ಚಿ, ಒಂದೇ ಪ್ರಶ್ನೆ ಕೇಳಿದರು: "ಕೊನೆಗೆ ನೀವು ಹೋಗಬೇಕಾದ್ದು ಯಾವ ಯೂನಿವರ್ಸಿಟಿಗೆ, ಯಾವ ಮೇಜರ್‌ಗೆ?" ಮೇಜರ್ ಅಂದರೆ ಡಿಗ್ರಿಯ ಮುಖ್ಯ ವಿಷಯ. ನನ್ನ ಹತ್ತಿರ ಉತ್ತರವಿರಲಿಲ್ಲ. ಅದನ್ನು ಗೊತ್ತುಮಾಡಿಕೊಂಡು ಬನ್ನಿ, ಆಮೇಲೆ ಇದರಲ್ಲಿ ಏನು ಉಪಯೋಗಕ್ಕೆ ಬರುತ್ತದೆ ನೋಡೋಣ ಎಂದರು.

ಮುಂದಿನ ಮೂರು ವರ್ಷ ನಾನು ಕಲಿತದ್ದು ಆ ಪ್ರಶ್ನೆಯ ಅರ್ಥವನ್ನೇ. ಕ್ರೆಡಿಟ್ (ಮುಗಿಸಿದ ಕೋರ್ಸಿಗೆ ಸಿಗುವ ಯೂನಿಟ್ ಲೆಕ್ಕ) ಇನ್ನೊಂದು ಕಾಲೇಜಿಗೆ ವರ್ಗವಾಗುವುದು ಬೇರೆ, ಅದು ನಿಮ್ಮ ಡಿಗ್ರಿಯ ಲೆಕ್ಕಕ್ಕೆ ಬರುವುದು ಬೇರೆ. "ನಿಮ್ಮ ಕೋರ್ಸ್ ಟ್ರಾನ್ಸ್‌ಫರ್ ಆಗುತ್ತದೆ" ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ಯಾವುದರ ಬದಲಿಗೆ ನಿಲ್ಲುತ್ತದೆ ಎಂದು ಕೇಳಿ. ಬಿಸಿನೆಸ್ ಸೇರಬೇಕೆನ್ನುವವರಿಗೆ ಈ ವ್ಯತ್ಯಾಸ ಇನ್ನೂ ಮುಖ್ಯ, ಯಾಕೆಂದರೆ ಅಕೌಂಟಿಂಗ್, ಎಕನಾಮಿಕ್ಸ್, ಕ್ಯಾಲ್ಕ್ಯುಲಸ್, ಸ್ಟಾಟಿಸ್ಟಿಕ್ಸ್ ಇವೆಲ್ಲ ಸೇರುವ ಮೊದಲೇ ಮುಗಿದಿರಬೇಕು.

ಕ್ಯಾಲಿಫೋರ್ನಿಯಾದ ಏರ್ಪಾಡು 1960ರ ಮಾಸ್ಟರ್ ಪ್ಲಾನ್‌ನಿಂದ ಬಂದದ್ದು. ಮೇಲೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ. ನಡುವೆ ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಗಳು. ಕೆಳಗೆ ಕಮ್ಯುನಿಟಿ ಕಾಲೇಜುಗಳು. ಕಮ್ಯುನಿಟಿ ಕಾಲೇಜಿಗೆ ಪ್ರವೇಶ ಪರೀಕ್ಷೆಯ ತಡೆ ಇಲ್ಲ, ವಯಸ್ಸಿನ ಮಿತಿ ಇಲ್ಲ. ಡಿಗ್ರಿಯ ಮೊದಲ ಎರಡು ವರ್ಷ ಅಲ್ಲಿ ಮುಗಿಸಿ, 60 ಸೆಮಿಸ್ಟರ್ ಯೂನಿಟ್ ಜೋಡಿಸಿಕೊಂಡು, ಮೂರನೇ ವರ್ಷಕ್ಕೆ ಮೇಲಿನ ಎರಡರಲ್ಲಿ ಒಂದಕ್ಕೆ ಹೋಗಬಹುದು. ಡಿ ಆಂಜಾ ಕ್ವಾರ್ಟರ್ ಪದ್ಧತಿಯ, ಅಂದರೆ ವರ್ಷವನ್ನು ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಾಗಿ ಮಾಡುವ ಕಾಲೇಜಾದ್ದರಿಂದ ಅಲ್ಲಿ 60 ಅಂದರೆ 90. ಕ್ವಾರ್ಟರ್ ಯೂನಿಟ್ಟನ್ನು ಮೂರರಲ್ಲಿ ಎರಡು ಭಾಗ ಮಾಡಿದರೆ ಸೆಮಿಸ್ಟರ್ ಯೂನಿಟ್. 5 ಯೂನಿಟ್ಟಿನ ಕೋರ್ಸು ಅತ್ತ ಹೋದಾಗ 3.33 ಆಗುತ್ತದೆ.

ಫೀಸಿನ ವಿಷಯದಲ್ಲಿ ಎಚ್-4 ಹೆಂಗಸರಿಗೆ ಒಂದು ಮಾತು ಒತ್ತಿ ಹೇಳಬೇಕು. ವೀಸಾ ಇದೆ ಅಂದ ಮಾತ್ರಕ್ಕೆ ಹೊರಗಿನವರ ಫೀಸು ಕಟ್ಟಬೇಕಿಲ್ಲ. ಕ್ವಾರ್ಟರ್ ಶುರುವಾಗುವ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಮತ್ತು ಒಂದು ದಿನ ವಾಸವಿದ್ದು, ಇಲ್ಲೇ ನೆಲೆಸುವ ಉದ್ದೇಶಕ್ಕೆ ದಾಖಲೆ ತೋರಿಸಿದರೆ ರೆಸಿಡೆಂಟ್ ಫೀಸು ಸಿಗುತ್ತದೆ. ನಾನು ತೋರಿಸಿದ್ದು ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಟ್ಯಾಕ್ಸ್ ರಿಟರ್ನ್, ನನ್ನ ಡ್ರೈವಿಂಗ್ ಲೈಸೆನ್ಸ್. ರೆಸಿಡೆಂಟ್‌ಗೆ ಕ್ವಾರ್ಟರ್ ಯೂನಿಟ್ಟಿಗೆ 31 ಡಾಲರ್. 90 ಯೂನಿಟ್ಟಿಗೆ 2,790 ಡಾಲರ್, ಮೇಲೆ ಸಣ್ಣಪುಟ್ಟ ಶುಲ್ಕ ಮತ್ತು ಪುಸ್ತಕ. ಹೊರಗಿನವರಿಗೆ ಇದರ ಹಲವು ಪಟ್ಟು. ಮನೆಗೆ ಬಂದ ಮೊದಲ ತಿಂಗಳೇ ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರನ್ನೂ ಸೇರಿಸಿ ಎಂದು ಹೊಸದಾಗಿ ಬಂದ ಹುಡುಗಿಯರಿಗೆಲ್ಲ ಹೇಳುತ್ತಿರುತ್ತೇನೆ.

ಮನೆಯವರ ಜೊತೆ ಕೂತು ಯೋಚಿಸಿ ಮೊದಲು ಗುರಿ ಇಟ್ಟದ್ದು ಯುಸಿಯ ಬರ್ಕ್ಲಿ ಕ್ಯಾಂಪಸ್ಸಿನ ಹಾಸ್ ಬಿಸಿನೆಸ್ ಸ್ಕೂಲಿಗೆ. ಯುಸಿಗೆ ಹೋಗುವವರು ಆಗ ಐಜೆಟ್ಸಿ ಎಂಬ ಸಾಮಾನ್ಯ ಶಿಕ್ಷಣದ ಪಟ್ಟಿ ಮುಗಿಸುತ್ತಿದ್ದರು (2025ರ ಫಾಲ್‌ನಿಂದ ಹೊಸಬರಿಗೆ ಕ್ಯಾಲ್-ಜೆಟ್ಸಿ ಎಂಬ ಬೇರೆ ಪಟ್ಟಿ ಬಂದಿದೆ). ಆ ಪಟ್ಟಿಯಲ್ಲಿ ಯುಸಿಯವರಿಗೆಂದು ಇಂಗ್ಲಿಷಲ್ಲದ ಭಾಷೆಯೊಂದರ ಅರ್ಹತೆಯೂ ಬೇಕಿತ್ತು. ನನ್ನ ಜೊತೆಯವರು ಸ್ಪ್ಯಾನಿಷ್ ಕ್ಲಾಸಿಗೆ ಹೆಸರು ಹಚ್ಚುತ್ತಿದ್ದರು. ನಿಯಮವನ್ನು ಪೂರ್ತಿ ಓದಿದಾಗ ಇನ್ನೊಂದು ದಾರಿ ಕಂಡಿತು: ಆರನೇ ತರಗತಿ ಅಥವಾ ಅದರ ಮೇಲೆ ಎರಡು ವರ್ಷ, ಬೋಧನಾ ಮಾಧ್ಯಮ ಇಂಗ್ಲಿಷ್ ಅಲ್ಲದ ಶಾಲೆಯಲ್ಲಿ ಓದಿ ತೇರ್ಗಡೆಯಾಗಿದ್ದರೆ ಸಾಕು.

ನಾನು ಅರಸೀಕೆರೆ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಹತ್ತನೆಯವರೆಗೂ ಕನ್ನಡ ಮಾಧ್ಯಮ. ಅದೇ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪ, ಸ್ಕೂಲಿಂದ ಕನ್ನಡ ಮಾಧ್ಯಮದ ಸರ್ಟಿಫಿಕೇಟ್ ಬೇಕು, ಬಿಇಓ ಸಹಿ ಸಮೇತ." ಕೆಪಿಎಸ್‌ಸಿ ಪರೀಕ್ಷೆ ಬರೆಯುವವರು ಮೀಸಲಾತಿಗೆ ಮಾಡಿಸುವ ಪ್ರಮಾಣಪತ್ರ ಅದು. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, "ಅಮೆರಿಕದಲ್ಲಿ ಅದ್ಯಾಕವ್ವ ಬೇಕು?" ಎಂದರು. ನಾನು ವಿವರಿಸಿದೆ. ಮಾರನೇ ದಿನವೇ ಶಾಲೆಗೆ ಹೋಗಿ ಹೆಡ್‌ಮಾಸ್ಟರ ಹತ್ತಿರ ಬರೆಸಿಕೊಂಡು, ಬಿಇಓ ಆಫೀಸಿಗೆ ಎರಡು ಸಲ ಓಡಾಡಿ ಸಹಿ ಮಾಡಿಸಿ ಕಳಿಸಿದರು. ಇಂಗ್ಲಿಷ್ ಅನುವಾದದ ಜೊತೆ ಕೊಟ್ಟೆ, ಒಪ್ಪಿಕೊಂಡರು. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಇಂಗ್ಲಿಷ್ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ಹಿಂದೆ ಬಿದ್ದು, ವರ್ಗಾವಣೆಗೆ ಸಲ್ಲದ ಕೆಳಗಿನ ಕೋರ್ಸೊಂದನ್ನು ಓದಬೇಕಾಗಿ ಬಂದಿತ್ತು. ಅದೇ ಮಾಧ್ಯಮ ಇಲ್ಲಿ ಒಂದು ಅರ್ಹತೆಯಾಗಿ ನಿಂತಾಗ ನನಗಾದ ಸಂತೋಷ ದೊಡ್ಡದು.

ಬಿಕಾಂ ಅಂಕಪಟ್ಟಿಗಳ ಕಥೆ ಹೀಗಾಗಲಿಲ್ಲ. ಮೌಲ್ಯಮಾಪನ ಸಂಸ್ಥೆಗೆ ಕಳಿಸಿ ಕೋರ್ಸುವಾರು ವರದಿ ಮಾಡಿಸಿದೆ. ನಮ್ಮ ಫೈನಾನ್ಷಿಯಲ್ ಅಕೌಂಟಿಂಗ್ ಇಲ್ಲಿನ ಅಕೌಂಟಿಂಗ್ ಬದಲಿಗೆ ನಿಲ್ಲಲಿಲ್ಲ. ಕೊನೆಗೆ ಕೆಲವು ವಿಷಯ ಬರೀ ಎಲೆಕ್ಟಿವ್ (ಐಚ್ಛಿಕ) ಯೂನಿಟ್ಟಾಗಿ ದಾಖಲಾದವು, ಮೇಜರ್‌ಗೆ ಒಂದೂ ಬರಲಿಲ್ಲ. ಹಾಗೆಂದು ಅರ್ಜಿಯಲ್ಲಿ ಅದನ್ನು ಬಿಡುವ ಹಾಗಿಲ್ಲ. ಎಲ್ಲೆಲ್ಲಿ ಕಾಲೇಜು ಓದಿದ್ದೀರೋ, ಅರ್ಧಕ್ಕೆ ಬಿಟ್ಟಿದ್ದರೂ, ಅದೆಲ್ಲವನ್ನೂ ತೋರಿಸಲೇಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಸಿಕ್ಕಿದ ಸೀಟೇ ಹೋಗಬಹುದು.

ಇನ್ನು ಅಸಿಸ್ಟ್ ಎಂಬ ಜಾಲತಾಣ. ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳ ನಡುವಿನ ಒಪ್ಪಂದಗಳೆಲ್ಲ ಅಲ್ಲಿವೆ. ವರ್ಷ, ನಿಮ್ಮ ಕಾಲೇಜು, ಸೇರಬೇಕಾದ ಯೂನಿವರ್ಸಿಟಿ, ಮೇಜರ್ ಆರಿಸಿದರೆ ಎರಡು ಕಂಬಸಾಲಿನ ಪಟ್ಟಿ ತೆರೆಯುತ್ತದೆ. ಎಡಕ್ಕೆ ಯೂನಿವರ್ಸಿಟಿಯ ಕೋರ್ಸು, ಬಲಕ್ಕೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸು. ಎಡದಿಂದ ಓದಿ. ನಾನು ಮೊದಲು ಬಲದಿಂದ ಓದಿದೆ, ಅಂದರೆ ನಾನು ಓದಿದ್ದು ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದೆ. ಹಾಗೆ ಹುಡುಕಿದರೆ ಸಿಕ್ಕಿದ್ದು ಮಾತ್ರ ಕಾಣುತ್ತದೆ, ಬಾಕಿ ಇರುವುದು ಕಾಣುವುದಿಲ್ಲ. ಬೇರೆ ರಾಜ್ಯದ ಕಾಲೇಜುಗಳು ಅಲ್ಲಿಲ್ಲ. ಅಯೋವಾದಲ್ಲಿ ಒಂದು ವರ್ಷ ಓದಿ ಬಂದ ಗೆಳತಿಯೊಬ್ಬಳು ಪ್ರತಿ ಕೋರ್ಸಿನ ಸಿಲಬಸ್ ಕೊಟ್ಟು ಅರ್ಜಿ ಹಾಕಿ ಒಪ್ಪಿಸಬೇಕಾಯಿತು. ಅದನ್ನು ನೋಡಿದ ಮೇಲೆ ನಾನೂ ಓದಿದ ಪ್ರತಿ ಕೋರ್ಸಿನ ಸಿಲಬಸ್ಸನ್ನು ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತಾ ಬಂದೆ.

ಎಡದಿಂದ ಓದಿದ ದಿನ ಕ್ಯಾಲ್ಕ್ಯುಲಸ್ ವಿಷಯ ಗೊತ್ತಾಯಿತು. ನಾನು ಆಗಲೇ ಬಿಸಿನೆಸ್‌ನವರಿಗೆಂದೇ ಇರುವ ಗಣಿತ 12 ಮುಗಿಸಿದ್ದೆ, ಅದು ಒಂದೇ ಕೋರ್ಸು. ಹಾಸ್ ಕೇಳುತ್ತಿದ್ದದ್ದು ಎರಡು ಸೆಮಿಸ್ಟರಿನಷ್ಟು ಕ್ಯಾಲ್ಕ್ಯುಲಸ್. ಅದಕ್ಕೆ ಗಣಿತ 1ಎಯಿಂದ ಮತ್ತೆ ಶುರುಮಾಡಬೇಕು. 12 ಮತ್ತು 1ಎ ಎರಡನ್ನೂ ಓದಿದರೂ ಯುಸಿ ಒಂದಕ್ಕೇ ಕ್ರೆಡಿಟ್ ಕೊಡುತ್ತದೆ. ಮಗಳು ಹುಟ್ಟಿ ಆರು ತಿಂಗಳಾಗಿತ್ತು. ಬರ್ಕ್ಲಿಗೆ ದಿನಾ ಹೋಗಿ ಬರುವ ದೂರವನ್ನೂ ಸೇರಿಸಿ ನೋಡಿದೆವು. ಕ್ಯಾಲ್ ಸ್ಟೇಟ್‌ಗಳಲ್ಲಿ ಒಂದಾದ ಸ್ಯಾನ್ ಹೊಸೆ ಸ್ಟೇಟ್‌ನ ಬಿಸಿನೆಸ್‌ಗೆ ಗಣಿತ 12 ಸಾಕಾಗಿತ್ತು, ಮನೆಯಿಂದ ಅರ್ಧ ಗಂಟೆ, ಅಕೌಂಟಿಂಗ್ ವಿಭಾಗ ಒಳ್ಳೆಯದು, ಸುತ್ತಲಿನ ಕಂಪನಿಗಳು ಅಲ್ಲಿಂದ ಜನ ತೆಗೆದುಕೊಳ್ಳುತ್ತವೆ. ಗುರಿ ಬದಲಿಸಿದೆ. ಆ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ತೃಪ್ತಿಯಿದೆ. ಕ್ಯಾಲ್ ಸ್ಟೇಟ್‌ಗೆ ಭಾಷೆಯ ಅರ್ಹತೆ ಬೇಕಿರಲಿಲ್ಲ; ಅಪ್ಪ ಮಾಡಿಸಿದ ಪ್ರಮಾಣಪತ್ರ ಮಾತ್ರ ಈಗಲೂ ಫೈಲಿನ ಮೊದಲ ಹಾಳೆಯಾಗಿದೆ.

ನನ್ನ ಕೈಯಿಂದ ಆಗಲಿದ್ದ ದೊಡ್ಡ ತಪ್ಪು ಅಕೌಂಟಿಂಗ್‌ನಲ್ಲಿ. ಡಿ ಆಂಜಾದಲ್ಲಿ ಅದು 1ಎ, 1ಬಿ, 1ಸಿ ಎಂದು ಮೂರು ಕ್ವಾರ್ಟರಿನ ಸರಣಿ. ಸೆಮಿಸ್ಟರ್ ಕಾಲೇಜುಗಳಲ್ಲಿ ಅದೇ ಪಾಠ ಎರಡು ಕೋರ್ಸು: ಫೈನಾನ್ಷಿಯಲ್, ಮ್ಯಾನೇಜೀರಿಯಲ್. ಎರಡು ಮುಗಿಸಿದ್ದೆ, ಮೂರನೆಯದರ ಬದಲು ಬೇಸಿಗೆಯಲ್ಲಿ ಹತ್ತಿರದ ಸೆಮಿಸ್ಟರ್ ಕಾಲೇಜಿನಲ್ಲಿ ಮ್ಯಾನೇಜೀರಿಯಲ್ ಓದಿಬಿಟ್ಟರೆ ಬೇಗ ಮುಗಿಯುತ್ತದೆ ಎಂದು ಹೆಸರೂ ಹಚ್ಚಿದೆ. ಕೌನ್ಸೆಲರ್‌ಗೆ ಬರೀ ತಿಳಿಸಲೆಂದು ಇಮೇಲ್ ಮಾಡಿದರೆ ಅವರು ತಕ್ಷಣ ಫೋನ್ ಮಾಡಿದರು. ಒಪ್ಪಂದದಲ್ಲಿ ಮೂರೂ ಸೇರಿ ಆ ಎರಡಕ್ಕೆ ಸಮ. ನಡುವೆ ಕತ್ತರಿಸಿದರೆ ಪಾಠ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎನ್ನುವುದು ಹೊಂದುವುದಿಲ್ಲ. ಫೀಸು ವಾಪಸು ಸಿಗುವ ಗಡುವಿಗೆ ಇನ್ನು ಎರಡು ದಿನವಿತ್ತು, ಬಿಟ್ಟೆ. ಸರಣಿಯಾಗಿರುವುದನ್ನು ಶುರು ಮಾಡಿದ ಕಾಲೇಜಿನಲ್ಲೇ ಮುಗಿಸಿ.

ಕ್ಯಾಲ್ ಸ್ಟೇಟ್‌ಗೆ ಹೋಗುವವರು "ಗೋಲ್ಡನ್ ಫೋರ್" ಎಂದು ಕರೆಯುವ ನಾಲ್ಕು ಇವೆ: ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಗಣಿತ, ಮೌಖಿಕ ಸಂವಹನ. ನಾಲ್ಕರಲ್ಲೂ ಕನಿಷ್ಠ ಸಿ ಮೈನಸ್ ಬರಬೇಕು. ಮೊದಲ ಮೂರು ಆದವು. ನಾಲ್ಕನೆಯದನ್ನು ನಾನು ಮುಂದೂಡುತ್ತಲೇ ಬಂದೆ. ಮೂವತ್ತು ಜನರ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡುವುದೆಂದರೆ ನಾಲಿಗೆ ಒಣಗುತ್ತಿತ್ತು. ಕೊನೆಗೆ 2019ರಲ್ಲಿ ಸಂಜೆಯ ಕ್ಲಾಸಿಗೆ ಸೇರಿದೆ. ಮಾಹಿತಿ ಕೊಡುವ ಭಾಷಣಕ್ಕೆ ವಿಷಯ ಆರಿಸುವಾಗ ಮೇಡಂ ಹೇಳಿದರು, ಈ ಕೋಣೆಯಲ್ಲಿ ನಿಮಗೊಬ್ಬರಿಗೇ ಗೊತ್ತಿರುವುದನ್ನು ಹೇಳಿ ಎಂದು. ನಾನು ಕೊಬ್ಬರಿ ಹರಾಜಿನ ಬಗ್ಗೆ ಮಾತಾಡಿದೆ. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸುವುದು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಲಗಲ ಅನ್ನುವುದು, ತಿಪಟೂರು ಎಪಿಎಂಸಿಯಲ್ಲಿ ವರ್ತಕರು ಟೆಂಡರ್ ಹಾಕುವುದು, ಆವತ್ತಿನ ದರ ಕೇಳಿ ಅಪ್ಪ ಮಾರುವುದೋ ಇಟ್ಟುಕೊಳ್ಳುವುದೋ ಎಂದು ಯೋಚಿಸುವುದು. ಎಕನಾಮಿಕ್ಸ್ ಕ್ಲಾಸಿನಲ್ಲಿ ಬೇಡಿಕೆ, ಪೂರೈಕೆ ಎಂದು ಗೆರೆ ಎಳೆದದ್ದನ್ನೇ ಅಲ್ಲಿ ಚೀಲಗಳ ಲೆಕ್ಕದಲ್ಲಿ ಹೇಳಿದೆ. ಏಳು ನಿಮಿಷದ ಭಾಷಣಕ್ಕೆ ಪ್ರಶ್ನೆಗಳು ಹತ್ತು ನಿಮಿಷ ಬಂದವು. ನನಗೆ ಬಿಸಿನೆಸ್ ಯಾಕೆ ಬೇಕು ಎನ್ನುವುದು ನನಗೇ ಸ್ಪಷ್ಟವಾದದ್ದು ಆ ಸಂಜೆ.

ಮಿಕ್ಕದ್ದು ಬೇಗ ಹೇಳುತ್ತೇನೆ. 2010ರ ರಾಜ್ಯ ಕಾನೂನಿನಿಂದ ಬಂದ ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ (ವರ್ಗಾವಣೆಗೆಂದೇ ಇರುವ ಎರಡು ವರ್ಷದ ಡಿಗ್ರಿ) ಅನ್ನು ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಮಾಡಿಕೊಂಡೆ. ಅದಿದ್ದರೆ ಕ್ಯಾಲ್ ಸ್ಟೇಟ್ ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಜಾಗ ಖಾತ್ರಿ, ಹೋದ ಮೇಲೆ ಇನ್ನು 60 ಯೂನಿಟ್ಟಿನಲ್ಲಿ ಡಿಗ್ರಿ. ಇಂಥ ಕ್ಯಾಂಪಸ್ಸೇ ಎಂಬ ಖಾತ್ರಿ ಇಲ್ಲ, ಅದು ತಿಳಿದಿರಲಿ. ಸ್ಯಾನ್ ಹೊಸೆಯಲ್ಲಿ ಆಗ ಅರ್ಜಿಗಳು ಜಾಗಕ್ಕಿಂತ ಹೆಚ್ಚಿದ್ದವು, ಜಿಪಿಎ (ಗ್ರೇಡುಗಳ ಸರಾಸರಿ) ನೋಡಿಯೇ ಕೊಡುತ್ತಿದ್ದರು. ಅಮೆರಿಕದ ಇತಿಹಾಸ ಮತ್ತು ಸಂವಿಧಾನದ ಅಗತ್ಯವೂ ಕ್ಯಾಲ್ ಸ್ಟೇಟ್‌ನಲ್ಲಿದೆ. ಸಾಮಾನ್ಯ ಶಿಕ್ಷಣಕ್ಕೂ ಇದಕ್ಕೂ ಎರಡಕ್ಕೂ ಸಲ್ಲುವ ಕೋರ್ಸುಗಳನ್ನೇ ಆರಿಸಿಕೊಂಡೆ. 2019ರ ಅಕ್ಟೋಬರಿನಲ್ಲಿ ಅರ್ಜಿ ತೆರೆದಾಗ ಪ್ರತಿ ಕೋರ್ಸನ್ನೂ ಟ್ರಾನ್ಸ್‌ಕ್ರಿಪ್ಟ್ (ಕಾಲೇಜಿನ ಅಂಕಪಟ್ಟಿ) ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತುಂಬಿದೆ. ಮಾರ್ಚ್‌ನಲ್ಲಿ ಕೋವಿಡ್ ಬಂದು ಕ್ಲಾಸುಗಳು ಆನ್‌ಲೈನ್ ಆದವು. ಪಾಸ್ ಅಥವಾ ನೋ ಪಾಸ್ ತೆಗೆದುಕೊಳ್ಳುವ ಅವಕಾಶವಿದ್ದರೂ ನಾನು ಅಕ್ಷರ ಗ್ರೇಡನ್ನೇ ಉಳಿಸಿಕೊಂಡೆ. ಸೀಟು ಸಿಕ್ಕಿತು. ಫಾಲ್‌ನ ಮೊದಲ ಕ್ಲಾಸು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಶುರುವಾಯಿತು.

ಡಿ ಆಂಜಾದಲ್ಲಿ ನಾನು ಒಟ್ಟು ಓದಿದ ವರ್ಗಾವಣೆಯ ಯೂನಿಟ್ಟು 108, ಅಂದರೆ 72 ಸೆಮಿಸ್ಟರ್ ಯೂನಿಟ್. ಕಮ್ಯುನಿಟಿ ಕಾಲೇಜಿನಿಂದ ಕ್ಯಾಲ್ ಸ್ಟೇಟ್ ಒಪ್ಪಿಕೊಳ್ಳುವುದು ಹೆಚ್ಚೆಂದರೆ 70. ಎರಡು ಹೊರಗುಳಿದವು, ಆಸಕ್ತಿಯಿಂದ ಓದಿದ್ದ ಪೇರೋಲ್ ಲೆಕ್ಕದ ಕೋರ್ಸು ಎಲೆಕ್ಟಿವ್ ಆಗಿ ಉಳಿಯಿತು. 2022ರ ಮೇ ತಿಂಗಳಲ್ಲಿ ಡಿಗ್ರಿ ಬಂತು, ಅಕೌಂಟಿಂಗ್‌ನಲ್ಲಿ. ಅಷ್ಟರಲ್ಲಿ ಎಚ್-4 ಮೇಲೆ ಕೆಲಸದ ಪರವಾನಗಿಯೂ ಬಂದಿದ್ದರಿಂದ ಒಂದು ಸಣ್ಣ ಸಿಪಿಎ (ನಮ್ಮ ಸಿಎ ಥರದ, ಲೈಸೆನ್ಸ್ ಪಡೆದ ಲೆಕ್ಕಪರಿಶೋಧಕರ) ಆಫೀಸಿಗೆ ಸೇರಿದೆ.

ಸಿಪಿಎ ಲೈಸೆನ್ಸಿಗೆ ಆಗ 150 ಸೆಮಿಸ್ಟರ್ ಯೂನಿಟ್ ಬೇಕಿತ್ತು. ಅಲ್ಲಿ ಎಣಿಸುವುದು ಟ್ರಾನ್ಸ್‌ಕ್ರಿಪ್ಟ್ ಮೇಲಿನ ಓದನ್ನು, ಆದ್ದರಿಂದ ಡಿಗ್ರಿಯಲ್ಲಿ ಹೊರಗುಳಿದ ಆ ಎರಡು ಯೂನಿಟ್ಟೂ ಒಳಗೆ ಬಂದವು. 72 ಮತ್ತು 60 ಸೇರಿ 132. ಬಾಕಿ 18, ಕ್ವಾರ್ಟರಿನ ಲೆಕ್ಕದಲ್ಲಿ 27. ಅದಕ್ಕೆ ಮತ್ತೆ ಡಿ ಆಂಜಾದ ಸಂಜೆ ಕ್ಲಾಸುಗಳಿಗೇ ಹೋದೆ. ಈ ಸಲ ಹೆಸರು ಹಚ್ಚುವ ಮೊದಲೇ ಸಿಪಿಎ ಲೈಸೆನ್ಸ್ ಕೊಡುವ ಬೋರ್ಡಿನ ಪಟ್ಟಿಯನ್ನು ಪ್ರಿಂಟ್ ತೆಗೆದು, ಎಡದಿಂದ ಓದುತ್ತಾ, ಒಂದೊಂದು ಕೋರ್ಸಿನ ಎದುರೂ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೆ.