ಹಿಂದೊಂದು ಕತ್ತಿ, ಪಕ್ಕದಲ್ಲೊಂದು ಚಾಕು: ನನ್ನ ಜೋಡಿ ಆರಿಸಿಕೊಂಡ ಬಗೆ

ತೋಟಕ್ಕೋ ಸೊಪ್ಪಿನ ಬೆಟ್ಟಕ್ಕೋ ಹೊರಟರೆ ನನ್ನ ಸೊಂಟದಲ್ಲಿ ಎರಡು ಇರುತ್ತವೆ. ಹಿಂದೆ ಕೊಕ್ಕೆಯಲ್ಲಿ ಕುಲುಮೆಯಲ್ಲಿ ಮಾಡಿಸಿದ ಕತ್ತಿ, ಎಡಗಡೆ ನಾಲ್ಕು ಇಂಚಿನ ಸ್ವೀಡನ್ ಚಾಕು. ನೋಡಿದವರೆಲ್ಲ ಕೇಳುವುದು ಒಂದೇ: "ಎರಡ್ಯಾಕೆ? ನಡುವಿನ ಸೈಜಿನದು ಒಂದು ತಗೊಂಡ್ರೆ ಸಾಕಲ್ವಾ?"

ಸಾಕಾಗಲ್ಲ. ಅಂಗಡಿಯಲ್ಲಿ 'ಸರ್ವೈವಲ್ ನೈಫ್' ಅಂತ ಮಾರುವ, ಆರೇಳು ಇಂಚು ಉದ್ದ, ಐದು ಮಿಲಿಮೀಟರ್ ದಪ್ಪದ ಚಾಕನ್ನು ಕೈಯಲ್ಲಿ ಹಿಡಿದು ನೋಡಿ. ಕೊಂಬೆ ಕಡಿಯುವಷ್ಟು ತೂಕ ಅದಕ್ಕಿಲ್ಲ. ಈರುಳ್ಳಿ ಹೆಚ್ಚಿದರೆ ಕೊಯ್ಯುವುದಿಲ್ಲ, ಸೀಳುತ್ತದೆ. ಸಿನಿಮಾದಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಜೋಡಿ ಅಂದರೆ ಒಂದು ಉದ್ದ, ಇನ್ನೊಂದು ಗಿಡ್ಡ ಅಂತ ನಾವು ಅಂದುಕೊಳ್ಳುತ್ತೇವೆ. ನಾನು ನೋಡುವುದು ಉದ್ದವನ್ನಲ್ಲ, ದಪ್ಪ, ತೂಕ ಮತ್ತು ಬಾಯಿಯ ಕೋನವನ್ನು. ಒಂದು ಕೆಲಸ ಎರಡರಿಂದಲೂ ಒಂದೇ ಹಾಗೆ ಆಗುತ್ತಿದ್ದರೆ ಅದರಲ್ಲಿ ಒಂದು ದಂಡ. ನೇಪಾಳದ ಖುಕುರಿಯ ಒರೆಯಲ್ಲಿ ಇನ್ನೆರಡು ಪುಟ್ಟ ತುಂಡುಗಳಿರುತ್ತವೆ. ಕರ್ದಾ ಸಣ್ಣ ಕೆಲಸದ ಚಾಕು. ಚಕ್ಮಕ್‌ಗೆ ಬಾಯೇ ಇಲ್ಲ, ಕಿಡಿ ಹೊಡೆಯಲು ಮತ್ತು ಬಾಯಿ ತಿದ್ದಲು. ಉತ್ತರ ಯುರೋಪಿನ ಸಾಮಿ ಜನ ಲೆಉಕು ಎನ್ನುವ ದೊಡ್ಡ, ಕಡಿಯುವ ಚಾಕಿನ ಜೊತೆ ಚಿಕ್ಕ ಚಾಕೊಂದನ್ನು ಇಟ್ಟುಕೊಳ್ಳುತ್ತಾರೆ. ಅಷ್ಟು ದೂರ ಯಾಕೆ, ಕೊಡವರ ಉಡುಪಿನಲ್ಲೂ ದೊಡ್ಡ ಒಡಿಕತ್ತಿ ಬೆನ್ನ ಹಿಂದೆ, ಪುಟ್ಟ ಪೀಚೆಕತ್ತಿ ಮುಂದೆ ಚೇಲೆಯಲ್ಲಿ, ಅಂದರೆ ಸೊಂಟಕ್ಕೆ ಸುತ್ತುವ ಬಟ್ಟೆಯಲ್ಲಿ. ಈಗ ಅದು ಹಬ್ಬ, ಮದುವೆಯ ಉಡುಪು. ಆದರೆ ಎರಡು ಎರಡು ಕಡೆ ಇರಬೇಕು ಎನ್ನುವ ಲೆಕ್ಕ ಕೆಲಸಕ್ಕೂ ಸರಿ.

ನಾನು ಮೊದಲು ಮಾಡಿಸಿದ್ದು ದೊಡ್ಡದನ್ನು. ಕುಲುಮೆಯವರು ಅಳತೆ ಕೇಳಲಿಲ್ಲ. "ಸೊಪ್ಪಿಗಾ, ಬಿದಿರಿಗಾ?" ಅಂದರು. ಸೊಪ್ಪು ಕಡಿಯಲು ಹಗುರ, ಬಾಯಿ ತೆಳು. ಬಿದಿರಿಗೆ ಬೆನ್ನು ದಪ್ಪ, ಹದ (ಕಾಸಿ ತಣಿಸಿ ಕೊಡುವ ಗಡಸು) ಸ್ವಲ್ಪ ಮೆತ್ತಗೆ, ಯಾಕಂದರೆ ಗೆಣ್ಣಿಗೆ ಬಿದ್ದರೆ ಗಟ್ಟಿ ಬಾಯಿ ಚಕ್ಕೆ ಏಳುತ್ತದೆ. ನಾನು ಸೊಪ್ಪು ಅಂದೆ, ಆದರೆ ದಬ್ಬೆ ಸೀಳುವುದಕ್ಕೂ ಆಗಬೇಕು ಅಂದೆ. ಲಾರಿಯ ಹಳೆ ಕಮಾನು ಪಟ್ಟಿಯಿಂದ (ಲೀಫ್ ಸ್ಪ್ರಿಂಗ್ ಪ್ಲೇಟು) ಮಾಡಿದರು. ಆ ಉಕ್ಕು ಏಟು ತಡೆಯುವುದಕ್ಕೇ ಹುಟ್ಟಿದ್ದು. ಬಾಯಿ ಹನ್ನೊಂದು ಇಂಚು, ಹಿಡಿಯ ಹತ್ತಿರ ಬೆನ್ನು ಆರು ಮಿಲಿಮೀಟರ್, ತೂಕ ಮುಕ್ಕಾಲು ಕೇಜಿಗೆ ತುಸು ಕಮ್ಮಿ, ತುದಿ ಕೊಕ್ಕಿನಂತೆ ಬಾಗಿದೆ. ತೂಕವೆಲ್ಲ ಮೂತಿಯ ಕಡೆ. ಬೀಸಿದರೆ ಅರ್ಧ ಕೆಲಸ ಅದೇ ಮಾಡುತ್ತದೆ.

ತರುವಾಗ ಎರಡು ಪರೀಕ್ಷೆ ಮಾಡಿದೆ. ಹೊಸ ಅರವನ್ನು ಬಾಯಿಯ ಮೇಲೆ ಎಳೆದೆ. ಸುಮ್ನೆ ಜಾರಿದರೆ ಹದ ಜಾಸ್ತಿ, ಬೆಣ್ಣೆಯ ಹಾಗೆ ತಿಂದರೆ ಹದ ಕಮ್ಮಿ. ಸ್ವಲ್ಪ ಒತ್ತಿದಾಗ ಕಚ್ಚಬೇಕು. ಆಮೇಲೆ ಕಣ್ಣು ಮುಚ್ಚಿ ಹಿಡಿ ಹಿಡಿದೆ. ಬಾಯಿ ಯಾವ ಕಡೆ ಇದೆ ಅಂತ ಅಂಗೈಗೆ ಗೊತ್ತಾಗಬೇಕು. ಪೂರ್ತಿ ದುಂಡನೆಯ ಹಿಡಿ ಮಳೆಯಲ್ಲಿ ತಿರುಗುತ್ತದೆ, ಅದು ಕಾಲಿಗೇ ಬರುತ್ತದೆ.

ಚಿಕ್ಕದನ್ನು ಹುಡುಕುವ ಹೊತ್ತಿಗೆ ನನ್ನ ಪ್ರಶ್ನೆ ಸುಲಭವಾಗಿತ್ತು: ಈ ಕತ್ತಿಯಿಂದ ಏನು ಆಗುವುದಿಲ್ಲ? ಮೆಣಸಿನ ಬಳ್ಳಿಯನ್ನು ನಜ್ಜಾಗದಂತೆ ಕೊಯ್ಯಲು, ಹಗ್ಗ ಕತ್ತರಿಸಲು, ಮೀನು ಹಸ ಮಾಡಲು, ಕಾಲಿಗೆ ಹೊಕ್ಕ ಮುಳ್ಳು ತೆಗೆಯಲು ಆಗುವುದಿಲ್ಲ. ಹಾಗಾಗಿ ತೆಳ್ಳಗಿನದು ಬೇಕಿತ್ತು. ಮಡಚುವ ಚಾಕು ಬೇಡ ಅನಿಸಿತು. ಕೆಸರು, ಹಲಸಿನ ಮೇಣ ಕೀಲಿಗೆ ಸೇರಿದರೆ ತೊಳೆದು ಮುಗಿಯುವುದಿಲ್ಲ.

ಕೊನೆಗೆ ತರಿಸಿದ್ದು ಸ್ವೀಡನ್ನಿನ ಮೋರಾ ಕಂಪನಿಯ 'ಕಂಪ್ಯಾನಿಯನ್' ಚಾಕು. ಬಾಯಿ 104 ಮಿಲಿಮೀಟರ್, ದಪ್ಪ 2.5. ಇದರಲ್ಲೇ ಕಾರ್ಬನ್ ಉಕ್ಕಿನದೂ ಸಿಗುತ್ತದೆ, ನಾನು ಸ್ಟೇನ್‌ಲೆಸ್ ಆರಿಸಿದೆ. ನಮ್ಮ ಜೂನ್, ಜುಲೈನಲ್ಲಿ ಕಾರ್ಬನ್ ಬಾಯಿಯನ್ನು ಒರೆಸದೆ ಇಟ್ಟರೆ ಬೆಳಗಾಗುವುದರಲ್ಲಿ ತುಕ್ಕು. ನಿಂಬೆ, ಮಾವು ಕೊಯ್ದರೆ ಕಪ್ಪು ಕಲೆ. ದೊಡ್ಡ ಕತ್ತಿಗೆ ತುಕ್ಕು ಹಿಡಿದರೆ ಅರ ಹಾಕಿ ಉಜ್ಜುತ್ತೇನೆ. ಊಟಕ್ಕೆ ಮುಟ್ಟುವ ಚಾಕಿಗೆ ಆ ರಗಳೆ ಬೇಡ. ಇದನ್ನೂ ಕುಲುಮೆಯಲ್ಲೇ ಮಾಡಿಸಬಹುದಿತ್ತಲ್ಲ ಅಂದರೆ, ಸ್ಟೇನ್‌ಲೆಸ್ ಉಕ್ಕನ್ನು ಸಾವಿರ ಡಿಗ್ರಿಗಿಂತ ಮೇಲೆ ಅಳತೆ ನೋಡಿ ಕಾಸಬೇಕು. ಇದ್ದಲಿನ ಬೆಂಕಿಯಲ್ಲಿ ಅದು ಕಷ್ಟ.

ಎರಡೂ ಕೂಡಿ ಕೆಲಸ ಮಾಡುವುದನ್ನು ನೋಡಬೇಕಾದರೆ ಮಳೆಯಲ್ಲಿ ಬೆಂಕಿ ಹಚ್ಚಬೇಕು. ನೆಲಕ್ಕೆ ಬಿದ್ದ ಕಟ್ಟಿಗೆ ನೀರು ಕುಡಿದಿರುತ್ತದೆ, ನಿಂತೇ ಒಣಗಿದ್ದು ಬೇಕು. ಮಣಿಕಟ್ಟಿನ ದಪ್ಪದ ತುಂಡನ್ನು ನೆಟ್ಟಗೆ ನಿಲ್ಲಿಸಿ, ಕತ್ತಿಯ ಬಾಯಿ ತಲೆಯ ಮೇಲಿಟ್ಟು, ಬೆನ್ನಿಗೆ ಇನ್ನೊಂದು ಕೊರಡಿನಿಂದ ಬಡಿದರೆ ಸೀಳುತ್ತದೆ. ಕೊಕ್ಕಿನ ಕೆಳಗಿನ ನೇರ ಭಾಗ ತಾಗಬೇಕು. ಮತ್ತೆ ಸೀಳಿ, ಹೊರಗಿನ ಒದ್ದೆ ಬಿಟ್ಟು ನಡುವಿನ ಒಣ ಕಡ್ಡಿ ತೆಗೆಯುತ್ತೇನೆ. ಅಲ್ಲಿಗೆ ಕತ್ತಿಯ ಕೆಲಸ ಮುಗಿಯಿತು. ಈಗ ಚಾಕು. ಕಡ್ಡಿಯ ಅಂಚಿನ ಮೇಲೆ ಬಾಯಿಯನ್ನು ಬಹುತೇಕ ಮಲಗಿಸಿ ತಳ್ಳಿದರೆ ಕಾಗದದಂಥ ಸುರುಳಿ ಏಳುತ್ತದೆ. ಅದನ್ನು ಕಡ್ಡಿಯಿಂದ ಬಿಡಿಸದೆ ತುದಿಗೇ ನಿಲ್ಲಿಸಬೇಕು. ಅಂಥ ಸುರುಳಿಗಳ ಗೊಂಚಲಾದ ಮೇಲೆ ಒಂದೇ ಬೆಂಕಿಕಡ್ಡಿ ಸಾಕು. ಕತ್ತಿಯಿಂದ ಇದೇ ಸುರುಳಿ ತೆಗೆಯಲು ಹೋದರೆ ಚಕ್ಕೆ ಬರುತ್ತದೆ, ಅದಕ್ಕೆ ಕಿಡಿ ಹತ್ತುವುದಿಲ್ಲ.

ಮಸೆಯುವುದೂ ಬೇರೆ ಬೇರೆ. ಕತ್ತಿಗೆ ಅರ, ಆಮೇಲೆ ಮಸೆಮರಕ್ಕೆ (ಮಸೆಯುವ ಮರದ ತುಂಡು) ಬೆಣಚುಕಲ್ಲಿನ ಪುಡಿ ಹಾಕಿ ಉಜ್ಜುವುದು. ಬಾಯಿ ತುಸು ಉಬ್ಬಿರಲಿ ಅಂತ ಬಿಡುತ್ತೇನೆ, ಏಟು ತಡೆಯುತ್ತದೆ. ಮೋರಾ ಚಾಕಿನ ಎರಡೂ ಬದಿಗೆ ಅಗಲವಾದ ಒಂದೇ ಚಪ್ಪಟೆ ಇಳಿಜಾರು. ಅದನ್ನು ಹಾಗೇ 1000 ಗ್ರಿಟ್ (ನಡುಮಟ್ಟದ ನುಣುಪಿನ) ನೀರುಗಲ್ಲಿನ, ಅಂದರೆ ನೀರು ಹಾಕಿ ಮಸೆಯುವ ಕಲ್ಲಿನ ಮೇಲೆ ಮಲಗಿಸಿದರೆ ಕೋನ ತಾನೇ ಸಿಗುತ್ತದೆ. ಮಸೆಯಲು ಕಲಿಯುವವರಿಗೆ ಇದಕ್ಕಿಂತ ಸುಲಭದ್ದು ನಾನು ಕಂಡಿಲ್ಲ.

ಒರೆಯ ಬಗ್ಗೆ ಒಂದೇ ಮಾತು: ಚರ್ಮ ಬೇಡ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಚಾಕಿನ ಜೊತೆ ಬಂದ ಪ್ಲಾಸ್ಟಿಕ್ ಒರೆ ನೋಡಲು ಚೆಂದವಿಲ್ಲ, ಆದರೆ ತೊಳೆದು ಕೊಡವಿದರೆ ಮುಗಿಯಿತು.

ಕೊಳ್ಳುವ ಮುಂಚೆ ಕಾನೂನು ತಿಳಿದಿರಲಿ. ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಬಾಯಿಯ ಚಾಕುಗಳನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆ, ಕೃಷಿ ಕೆಲಸಕ್ಕೆಂದು ಮಾಡಿದ್ದನ್ನು ಬಿಟ್ಟು. ನನ್ನ ಕತ್ತಿ ಕೃಷಿಯದ್ದು, ತೋಟದಲ್ಲಿ ಅದರ ತಕರಾರಿಲ್ಲ. ಹಾಗಂತ ಅದನ್ನು ನೇತುಹಾಕಿಕೊಂಡು ಪೇಟೆಗೆ ಹೋಗುವುದಿಲ್ಲ. ಅಭಯಾರಣ್ಯದ ಮಾತಂತೂ ಬೇರೆಯೇ. 1972ರ ವನ್ಯಜೀವಿ ಕಾಯ್ದೆಯ 'ಆಯುಧ'ದಲ್ಲಿ ಚಾಕೂ ಸೇರಿದೆ, ಲಿಖಿತ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ಕುದುರೆಮುಖದಂಥ ಕಡೆ ಚಾರಣಕ್ಕೆ ಹೋದಾಗ ನಾನು ಎರಡನ್ನೂ ಮನೆಯಲ್ಲೇ ಬಿಡುತ್ತೇನೆ. ಚಪಾತಿ, ಚಟ್ನಿಪುಡಿ, ಬಾಳೆಹಣ್ಣಿಗೆ ಚಾಕು ಬೇಕಾಗುವುದೂ ಇಲ್ಲ.