ಒತ್ತಕ್ಷರಕ್ಕೆ ಜಾಗ ಮಾಡಿಕೊಟ್ಟ ಕತೆ

ಅಪ್ಪ ಅಡಿಕೆ ತೋಟದ ಬಗ್ಗೆ ಇಪ್ಪತ್ತು ವರ್ಷ ಬರೆದಿದ್ದಾರೆ. ಕೊಳೆ ರೋಗ, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಬಸಿಗಾಲುವೆ, ಅಡಿಕೆ ಕೊಯ್ಯುವ ಕೊನೆಗಾರರು ಸಿಗದ ಕಷ್ಟ, ಎಲ್ಲ ಇದೆ. ತೀರ್ಥಹಳ್ಳಿಯ ಮನೆಯ ಹಳೇ ಕಂಪ್ಯೂಟರಿನಲ್ಲಿ, 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಅವರೇ ಟೈಪ್ ಮಾಡಿದ 140 ಬರಹಗಳು. ಅವನ್ನೆಲ್ಲ ನಾನು ಒಂದು ಜಾಲತಾಣಕ್ಕೆ ಹಾಕಿದೆ. ಚೆಂದದ ಸಿದ್ಧ ವಿನ್ಯಾಸವೊಂದನ್ನು ಆರಿಸಿದ್ದೆ. ನನಗೆ ತುಂಬ ಖುಷಿಯಾಗಿತ್ತು. ಒಂದು ಭಾನುವಾರ ಅಪ್ಪನ ಕೈಗೆ ಫೋನ್ ಕೊಟ್ಟೆ. ಅವರು ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು.

"ಅಕ್ಷರ ಕಾಣ್ತದೆ ಮಾರಾಯ್ತಿ, ಒತ್ತು ಕಾಣೂದಿಲ್ಲ."

ಆ ಒಂದು ಮಾತಿನಿಂದ ನನ್ನ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು.

ಆ ವಿನ್ಯಾಸವನ್ನು ಮಾಡಿದ್ದು ಇಂಗ್ಲಿಷ್ ಅಕ್ಷರಗಳಿಗೆ. ಸಾಲಿನ ಎತ್ತರ ಅಕ್ಷರದ ಅಳತೆಯ 1.4 ಪಟ್ಟು ಇತ್ತು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕೂರುತ್ತದೆ, ಕೆಲವು ಸಲ ಎರಡು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ತಲೆಬರಹಗಳಲ್ಲಂತೂ ಎತ್ತರ ಬರೀ 1.2 ಪಟ್ಟು. ಎರಡು ಸಾಲಿನ ತಲೆಬರಹ ಬಂದರೆ ಒಂದರ ಮೇಲೊಂದು ಬಿದ್ದ ಹಾಗೆ ಕಾಣುತ್ತಿತ್ತು.

ನಾನು ಒಂದು ಪರೀಕ್ಷೆಯ ಸಾಲು ಮಾಡಿಕೊಂಡೆ: ರಾಷ್ಟ್ರೀಯ, ಉಜ್ಜ್ವಲ, ಜ್ಯೋತ್ಸ್ನೆ, ವಸ್ತ್ರ. ಈ ನಾಲ್ಕು ಪದಗಳನ್ನು ಮೂರು ಸಾಲು ಬರೆದು, ಪ್ರತಿ ಫಾಂಟ್‌ನಲ್ಲೂ, ಪ್ರತಿ ಅಳತೆಯಲ್ಲೂ ನೋಡಿದೆ. ಒಂದು ಫಾಂಟ್‌ನಲ್ಲಿ ಎರಡನೇ ಒತ್ತು ಪಕ್ಕಕ್ಕೆ ಸರಿಯುತ್ತದೆ, ಇನ್ನೊಂದರಲ್ಲಿ ಮತ್ತೂ ಕೆಳಗಿಳಿಯುತ್ತದೆ. ಕೊನೆಗೆ ನೋಟೋ ಸೆರಿಫ್ ಕನ್ನಡ ಫಾಂಟ್, 19 ಪಿಕ್ಸೆಲ್ ಅಳತೆ, 1.75 ಪಟ್ಟು ಎತ್ತರಕ್ಕೆ ಬಂದು ನಿಂತೆ. ತಲೆಬರಹಕ್ಕೆ 1.5. ಕನ್ನಡ ಪುಟ ಮಾಡುವವರು ಬೇರೇನೂ ಮಾಡದಿದ್ದರೂ ಸಾಲಿನ ಎತ್ತರದ ಈ ಒಂದು ಸಂಖ್ಯೆಯನ್ನು ಬದಲಾಯಿಸಿ ನೋಡಿ. ಪುಟ ಉಸಿರಾಡತೊಡಗುತ್ತದೆ.

ಬಣ್ಣವೂ ತೊಂದರೆ ಕೊಡುತ್ತಿತ್ತು. ಬಿಳಿ ಮೇಲೆ ತೆಳು ಬೂದು ನೋಡೋಕೆ ಚೆಂದ. ಆದರೆ ದ ಮತ್ತು ಧ ನಡುವೆ ಇರುವುದು ಒಂದು ಚಿಕ್ಕ ಸೀಳು ಮಾತ್ರ. ಶಾಲೆಯಲ್ಲಿ ಮೇಷ್ಟ್ರು 'ಹೊಟ್ಟೆ ಸೀಳು' ಎನ್ನುತ್ತಿದ್ದರಲ್ಲ, ಅದೇ. ಬೂದು ಬಣ್ಣದಲ್ಲಿ ಆ ಸೀಳು ಮಾಯವಾಗುತ್ತದೆ. ಡಬ್ಲ್ಯುಸಿಎಜಿ ಎಂಬ ವೆಬ್ ಮಾನದಂಡ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಕೇಳುತ್ತದೆ. ನಾನು ಹೆಚ್ಚುಕಮ್ಮಿ ಕಪ್ಪನ್ನೇ ಹಾಕಿದೆ. ಕೊಂಡಿಗಳ ಅಡಿಗೆರೆ ಒತ್ತಿನ ಮೇಲೇ ಹಾದುಹೋಗುತ್ತಿತ್ತು. ಅದನ್ನು ಕೆಳಗಿಳಿಸಿದೆ.

ಇನ್ನೊಂದು, ಎರಡೂ ಅಂಚು ಸಮ ಮಾಡುವ ಆಸೆ ಬಿಟ್ಟೆ. 'ಒಣಗಿಹೋಗಿದ್ದರಿಂದಾಗಿ' ಎಂಬಂಥ ಪದ ಫೋನಿನ ಅರ್ಧ ಸಾಲು ತಿನ್ನುತ್ತದೆ. ಅದು ಮುಂದಿನ ಸಾಲಿಗೆ ಹೋದರೆ ಉಳಿದ ಎರಡು ಪದಗಳ ನಡುವೆ ಗದ್ದೆಯಷ್ಟು ಜಾಗ ಉಳಿಯುತ್ತದೆ. ಎಡಕ್ಕೆ ಸಮ ಇದ್ದರೆ ಸಾಕು.

ಇಷ್ಟು ಕಣ್ಣಿಗೆ ಕಾಣುವ ಕೆಲಸ. ಇದಕ್ಕೆ ಮೊದಲೇ ಮಾಡಿದ್ದ ಕೆಲಸ ಇನ್ನೂ ದೊಡ್ಡದು. ಅಪ್ಪನ ಹಳೇ ಕಡತಗಳನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದಾಗ 'ಕನ್ನಡ' ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ಪೌಂಡಿನ ಗುರುತು, ಕ್ಯೂ ಬಂದಿದ್ದವು. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ತೆಗೆದರೆ ಬರಹವೇ ಇಲ್ಲ. ಯುನಿಕೋಡ್ ಎಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಕ್ರಮ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳಿವೆ. 1991ರ ಮೊದಲ ಆವೃತ್ತಿಯಿಂದಲೇ ಇವೆ. ಆದರೂ ನಮ್ಮ ಎಷ್ಟೋ ಬರಹ ಇವತ್ತಿಗೂ ಹಳೇ ಕಡತಗಳಲ್ಲೇ ಸಿಕ್ಕಿಕೊಂಡಿದೆ. ಇದು ನನಗೆ ನಿಜವಾಗಲೂ ಸಂಕಟ ಕೊಡುತ್ತದೆ.

ಹಳೇ ಕಡತವನ್ನು ಯುನಿಕೋಡ್ ಮಾಡುವ, ಉಚಿತವಾಗಿ ಸಿಗುವ ಪರಿವರ್ತಕ ಹಾಕಿದರೆ ಬಹುಪಾಲು ಸರಿಯಾಗಿ ಬರುತ್ತದೆ. ಎರಡು ಕಡೆ ಎಡವಿತು. ಮೊದಲನೆಯದು ಅರ್ಕಾವತ್ತು. ಹಳೇ ಕಡತದಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಕ್ಷರದ ನಂತರ ಇರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಹಾಗಾಗಿ ರ ಮೊದಲು ಬರಬೇಕು. ಅದು ತಪ್ಪಿದರೆ 'ವರ್ಷ' ಹೋಗಿ 'ವಷರ್' ಆಗುತ್ತದೆ. ಎರಡನೆಯದು, ಬರಹದ ನಡುವೆ ಅಪ್ಪ ಇಂಗ್ಲಿಷಿನಲ್ಲೇ ಬರೆದಿದ್ದ ಔಷಧಿಗಳ ಹೆಸರು. ಅವೂ ಕನ್ನಡ ಇರಬೇಕು ಎಂದುಕೊಂಡು ಪರಿವರ್ತಕ ಅರ್ಥವಿಲ್ಲದ ಅಕ್ಷರ ಮಾಡಿತು. ಪ್ರತಿ ಹೆಸರನ್ನೂ ಅಪ್ಪನ ಹತ್ತಿರ ಕೇಳಿ ತಿದ್ದಿದೆ. ಔಷಧಿ ಹೆಸರು ತಪ್ಪಿದರೆ ಯಾರದೋ ತೋಟಕ್ಕೆ ಪೆಟ್ಟು ಬೀಳುತ್ತದೆ, ಅಲ್ವಾ?

ಮುಂದಿನ ತಂತ್ರಜ್ಞಾನದ ಬಗ್ಗೆ ನಾನು ಯೋಚಿಸಲು ಶುರು ಮಾಡಿದ್ದು ಇಲ್ಲಿಂದಲೇ. ಹಿಂದೆ ನಾನೇ ಆಗಿನ ವೆಬ್ ತಂತ್ರಾಂಶವಾದ ಫ್ಲ್ಯಾಶ್‌ನಲ್ಲಿ ಒಂದು ಫೋಟೋ ಸಂಗ್ರಹ ಮಾಡಿದ್ದೆ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಂತಿತು, ಅದೂ ಹೋಯಿತು. ಅದಕ್ಕೇ ಈಗ ಎಲ್ಲವೂ ವೆಬ್ ಪುಟಗಳ ಮೂಲ ಭಾಷೆಯಾದ ಸರಳ ಎಚ್‌ಟಿಎಂಎಲ್, ಒಳಗೆ ಬರೀ ಯುನಿಕೋಡ್ ಪಠ್ಯ. ಅಳತೆಗಳ ಪಟ್ಟಿಯನ್ನು ಚಿತ್ರ ಮಾಡಿ ಹಾಕಲಿಲ್ಲ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಇದನ್ನು ಹುಡುಕಬಹುದು, ನಕಲು ಮಾಡಬಹುದು, ಫೋನಿನಲ್ಲಿ ಓದಿಸಿ ಕೇಳಬಹುದು. ದಕ್ಷಿಣ ಕನ್ನಡದ ಕಡೆ ಕೊಳೆಗೆ ಮಹಾಳಿ ಎನ್ನುತ್ತಾರೆ. ಹಾಗಾಗಿ ಎರಡೂ ಹೆಸರು ಬರೆದೆ.

ಈಗಿನ ಎಐ ಯಂತ್ರಗಳು ಕಲಿಯುವುದು ಸಿಗುವ ಪಠ್ಯದಿಂದ. 'ಸ್ತ್ರೀ' ಎಂಬ ಒಂದು ಅಕ್ಷರ ಯುನಿಕೋಡ್‌ನಲ್ಲಿ ಆರು ಸಂಕೇತ. ಅದನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ 18 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್. ಅಂದರೆ ನಮ್ಮ ನುಡಿ ಆ ಯಂತ್ರಗಳಿಗೆ ಜಾಸ್ತಿ ಭಾರ, ಸಿಗುವುದೂ ಕಡಿಮೆ. ನಾಳೆ ಹುಡುಗನೊಬ್ಬ ಫೋನಿಗೆ ಮಾತಾಡಿ ಕೊಳೆಗೆ ಏನು ಮಾಡಲಿ ಎಂದು ಕೇಳುತ್ತಾನೆ. ಉತ್ತರ ಮಲೆನಾಡಿನ ಅನುಭವದಿಂದ ಬರಬೇಕಾದರೆ ಅಪ್ಪನಂಥವರ ಬರಹ ಅಲ್ಲಿಗೆ ತಲುಪಿರಬೇಕು. ಪುಟದ ಕೋಡ್‌ನಲ್ಲಿ ಇದು ಕನ್ನಡ ಎಂದು ತಿಳಿಸಲು ಕೆ, ಎನ್ ಎಂಬ ಎರಡಕ್ಷರದ ಗುರುತು ಹಾಕಬೇಕು. ಓದುವ ತಂತ್ರಾಂಶಕ್ಕೆ ಯಾವ ನುಡಿ ಎಂದು ತಿಳಿಯುವುದು ಅದರಿಂದ. ಎಷ್ಟೋ ಕನ್ನಡ ತಾಣಗಳಲ್ಲಿ ಸಿದ್ಧ ವಿನ್ಯಾಸದ ಇಂಗ್ಲಿಷ್ ಗುರುತೇ ಉಳಿದಿರುತ್ತದೆ. ನನ್ನದರಲ್ಲೂ ಆರು ತಿಂಗಳು ಹಾಗೇ ಇತ್ತು.

ಮೇ ಕೊನೆಯಲ್ಲಿ, ಮಳೆಗೆ ಮೊದಲ ಔಷಧಿ ಹೊಡೆಯುವ ಹೊತ್ತಿಗೆ ಊರಿಗೆ ಹೋಗಿದ್ದೆ. ಅಪ್ಪ ಜಗಲಿ ಮೇಲೆ ಕೂತು ಫೋನನ್ನು ಕಿವಿ ಹತ್ತಿರ ಹಿಡಿದಿದ್ದರು. ಯಂತ್ರದ ದನಿ ಅವರದೇ ಬರಹ ಓದುತ್ತಿತ್ತು. ಅರ್ಧಕ್ಕೆ ನಿಲ್ಲಿಸಿ ನನ್ನನ್ನು ಕರೆದರು. "ಇದೆಂತದು, ವಷರ್ ಅಂತದಲ್ಲ?"

ಕಣ್ಣಿಗೆ ತಪ್ಪಿಸಿಕೊಂಡಿದ್ದು ಅವರ ಕಿವಿಗೆ ಸಿಕ್ಕಿತ್ತು. ಆ ರಾತ್ರಿ ಹುಡುಕಿದೆ. ಇನ್ನೂ 23 ಕಡೆ ಇತ್ತು.