ಮಯೊಸೈಟಿಸ್ ಆಂಟಿಬಾಡಿ ವರದಿಯನ್ನು ಓದುವುದು ಹೇಗೆ?

ಮಯೊಸೈಟಿಸ್ ಎಂದರೆ ಸ್ನಾಯುಗಳ ಉರಿಯೂತ. ಅದರ ಒಂದು ಬಗೆಯಾದ ಡರ್ಮಟೊಮಯೊಸೈಟಿಸ್ ಎಂದರೆ ರೋಗನಿರೋಧಕ ವ್ಯವಸ್ಥೆಯು ದೇಹದ ಚರ್ಮ ಮತ್ತು ಸ್ನಾಯುಗಳ ಮೇಲೆಯೇ ತಿರುಗಿಬೀಳುವ ಕಾಯಿಲೆ. ಕಣ್ಣಿನ ರೆಪ್ಪೆಗಳ ಮೇಲೆ ನೇರಳೆ ಛಾಯೆ, ಬೆರಳ ಗೆಣ್ಣುಗಳ ಮೇಲೆ ಕೆಂಪು ಗುಳ್ಳೆ, ತಲೆ ಬಾಚಲು ಕೈಯೆತ್ತುವುದೂ ಕಷ್ಟವಾಗುವಂಥ ನಿಶ್ಶಕ್ತಿ ಇದರ ಲಕ್ಷಣಗಳು. ವಯಸ್ಕರಲ್ಲಿ ಈ ಕಾಯಿಲೆಯ ಜೊತೆಗೆ ಕ್ಯಾನ್ಸರ್ ಇರುವ ಸಂಭವ ಸಾಮಾನ್ಯರಿಗಿಂತ ಹೆಚ್ಚಿರುವುದರಿಂದ, ದೇಹದ ಪ್ರೋಟೀನುಗಳ ವಿರುದ್ಧವೇ ಹುಟ್ಟುವ ಪ್ರತಿಕಾಯಗಳನ್ನು (ಆಂಟಿಬಾಡಿ) ಹುಡುಕುವ ರಕ್ತಪರೀಕ್ಷೆಯ ವರದಿಯನ್ನು ಎಚ್ಚರಿಕೆಯಿಂದ ಓದಬೇಕಾಗುತ್ತದೆ.

ಮೊದಲು ಯಾವ ಆಂಟಿಬಾಡಿ ಪತ್ತೆಯಾಗಿದೆ ಎಂಬುದನ್ನು ನೋಡಿ. ಟಿಐಎಫ್1-ಗಾಮಾ ಮತ್ತು ಎನ್‌ಎಕ್ಸ್‌ಪಿ2 ಎಂಬ ಪ್ರೋಟೀನುಗಳ ವಿರುದ್ಧದವು ಕ್ಯಾನ್ಸರಿನ ಹೆಚ್ಚಿನ ಅಪಾಯದ ಸೂಚಕಗಳು. ಎಂಐ-2, ಎಸ್‌ಎಇ, ಎಂಡಿಎ5 ಮಧ್ಯಮ ಗುಂಪಿಗೆ ಸೇರುತ್ತವೆ. ಜೆಒ-1 ಕಡಿಮೆ ಅಪಾಯದ ಗುಂಪಿನದು. ಟಿಐಎಫ್1-ಗಾಮಾ ವಿಷಯದಲ್ಲಿ ಒಂದು ಕುತೂಹಲಕರ ಸುಳಿವಿದೆ. ಇಂಥ ಕೆಲವು ರೋಗಿಗಳ ಗೆಡ್ಡೆಗಳಲ್ಲಿ ಆ ಪ್ರೋಟೀನಿನ ವಂಶವಾಹಿಯೇ ಮಾರ್ಪಟ್ಟಿರುವುದು ಕಂಡುಬಂದಿದ್ದು, ಗೆಡ್ಡೆಯ ವಿರುದ್ಧ ಆರಂಭವಾದ ದಾಳಿಯೇ ಚರ್ಮ, ಸ್ನಾಯುಗಳಿಗೂ ಹರಡಿರಬಹುದೆಂಬ ಊಹೆಗೆ ಅದು ಬಲ ನೀಡುತ್ತದೆ. ಮಕ್ಕಳಲ್ಲಿ ಮಾತ್ರ ಇದೇ ಆಂಟಿಬಾಡಿ ಕಂಡರೂ ಕ್ಯಾನ್ಸರಿನ ನಂಟು ಕಾಣುವುದಿಲ್ಲ.

ಎರಡನೆಯದಾಗಿ, ಫಲಿತಾಂಶ ಎಷ್ಟು ಸ್ಪಷ್ಟವಾಗಿದೆ ಎಂದು ವೈದ್ಯರನ್ನು ಕೇಳಿ. ಆಂಟಿಬಾಡಿ ಇದ್ದರೆ ಗೆರೆ ಮೂಡುವ ಲೈನ್ ಬ್ಲಾಟ್ ಪರೀಕ್ಷೆಯ ಪಟ್ಟಿಯ ಮೇಲೆ ಮಸುಕಾದ ಗೆರೆಯೊಂದು ಮೂಡಿದ್ದರೆ, ರೋಗಲಕ್ಷಣಗಳೊಡನೆ ಹೊಂದದ ಹೊರತು ಅದನ್ನು ಪಾಸಿಟಿವ್ ಎಂದು ಒಪ್ಪಲಾಗದು. ಎಎನ್‌ಎ (ಜೀವಕೋಶದ ಕೇಂದ್ರದ ವಿರುದ್ಧದ ಆಂಟಿಬಾಡಿಗಳ ಸಾಮಾನ್ಯ ಪರೀಕ್ಷೆ) ನೆಗೆಟಿವ್ ಬಂದರೂ ಮಯೊಸೈಟಿಸ್ ಆಂಟಿಬಾಡಿಗಳು ಇರಬಹುದು.

ಬಳಿಕ ಆಂಟಿಬಾಡಿಯನ್ನು ಇತರ ಸಂಗತಿಗಳೊಡನೆ ಕೂಡಿಸಿ ನೋಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ತಜ್ಞರ ಅಂತರರಾಷ್ಟ್ರೀಯ ಗುಂಪಾದ ಐಮ್ಯಾಕ್ಸ್ 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಡರ್ಮಟೊಮಯೊಸೈಟಿಸ್ ಆಗಿರುವುದೇ ಒಂದು ಹೆಚ್ಚಿನ ಅಪಾಯದ ಅಂಶ. 40 ದಾಟಿದ ಮೇಲೆ ರೋಗ ಆರಂಭವಾಗುವುದು, ನುಂಗಲು ಗಣನೀಯ ತೊಂದರೆ, ಚರ್ಮ ಕೊಳೆಯುವುದು, ಚಿಕಿತ್ಸೆಗೆ ಬಗ್ಗದ ಕಾಯಿಲೆ ಇವೂ ಅದೇ ಪಟ್ಟಿಯಲ್ಲಿವೆ. ಎರಡು ಅಂಶಗಳು ಸೇರಿದರೆ ರೋಗಿ ಹೆಚ್ಚಿನ ಅಪಾಯದ ವರ್ಗಕ್ಕೆ ಬರುತ್ತಾರೆ. ಅಂದರೆ ಐವತ್ತರ ವಯಸ್ಸಿನಲ್ಲಿ ಈ ಕಾಯಿಲೆ ಕಾಣಿಸಿಕೊಂಡವರು, ಆಂಟಿಬಾಡಿ ವರದಿ ಪೂರ್ತಿ ನೆಗೆಟಿವ್ ಆಗಿದ್ದರೂ, ಕ್ಯಾನ್ಸರ್ ತಪಾಸಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ.

ತಪಾಸಣೆಯಲ್ಲಿ ಎರಡು ಹಂತಗಳಿವೆ. ಮೂಲ ಹಂತದಲ್ಲಿ ದೈಹಿಕ ಪರೀಕ್ಷೆ, ರಕ್ತ ಮತ್ತು ಮೂತ್ರ ಪರೀಕ್ಷೆ, ಎದೆಯ ಎಕ್ಸ್‌ರೇ ಇರುತ್ತವೆ. ವಿಸ್ತೃತ ಹಂತದಲ್ಲಿ ಕುತ್ತಿಗೆಯಿಂದ ಕಿಬ್ಬೊಟ್ಟೆಯವರೆಗಿನ ಸಿಟಿ ಸ್ಕ್ಯಾನ್, ಮಲದಲ್ಲಿನ ಅಗೋಚರ ರಕ್ತದ ಪರೀಕ್ಷೆ, ಮಹಿಳೆಯರಿಗೆ ಮ್ಯಾಮೊಗ್ರಾಮ್ ಹಾಗೂ ಅಂಡಾಶಯ, ಗರ್ಭಕಂಠದ ಪರೀಕ್ಷೆಗಳು, ಪುರುಷರಿಗೆ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ನೀಡುವ ರಕ್ತಪರೀಕ್ಷೆ) ಸೇರುತ್ತವೆ. ಇವುಗಳಲ್ಲಿ ಏನೂ ಸಿಗದಿದ್ದಾಗ, ಟಿಐಎಫ್1-ಗಾಮಾ ಇರುವ, 40 ದಾಟಿದ, ಮತ್ತೊಂದು ಹೆಚ್ಚಿನ ಅಪಾಯದ ಅಂಶವೂ ಇರುವವರಿಗೆ ಪೆಟ್-ಸಿಟಿ (ದೇಹದಲ್ಲಿ ಅಡಗಿರುವ ಕ್ಯಾನ್ಸರನ್ನು ಹುಡುಕುವ ವಿಶೇಷ ಸ್ಕ್ಯಾನ್) ಪರಿಗಣಿಸಲಾಗುತ್ತದೆ.

ಕ್ಯಾನ್ಸರ್ ಪತ್ತೆಯಾಗುವ ಸಂಭವ ಸ್ನಾಯುರೋಗ ಶುರುವಾಗುವ ಮೂರು ವರ್ಷ ಮೊದಲಿನಿಂದ ಮೂರು ವರ್ಷ ನಂತರದವರೆಗೆ ಅತಿ ಹೆಚ್ಚು. ಆದ್ದರಿಂದ ಹೆಚ್ಚಿನ ಅಪಾಯದ ವರ್ಗದವರು ಮೊದಲ ಸ್ಕ್ಯಾನ್ ಸರಿಯಾಗಿ ಬಂದರೂ ಮೂರು ವರ್ಷಗಳ ಕಾಲ ವರ್ಷಕ್ಕೊಮ್ಮೆ ಮೂಲ ಹಂತದ ತಪಾಸಣೆ ಮಾಡಿಸಿಕೊಳ್ಳಬೇಕು. ಈ ನಡುವೆ ಕಾರಣವಿಲ್ಲದೆ ತೂಕ ಇಳಿದರೆ ಅಥವಾ ಹೊಸ ಗಂಟು ಕಾಣಿಸಿದರೆ, ಮುಂದಿನ ವರ್ಷದ ಸರದಿಗೆ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸಬೇಕು.